ಗೋಡೆಯ ತೇವ: ಬಣ್ಣಕ್ಕೆ ಮೊದಲು ಬುನಾದಿ
ಕಲಬುರಗಿ: 2020ರ ಅಕ್ಟೋಬರ್‌ನಲ್ಲಿ ಭೀಮಾ ಪ್ರವಾಹ ಅಫಜಲಪುರ, ಜೇವರ್ಗಿ ತಾಲೂಕುಗಳ ಮನೆಗಳನ್ನು ನೆನೆಸಿದ್ದು ಎಲ್ಲರಿಗೂ ಕಂಡಿತು. ಆಳಂದ ತಾಲೂಕಿನ ಮಟಕಿ ಸೇರಿದಂತೆ ಈ ಎರೆಭೂಮಿಯಲ್ಲಿ ಹೊಸ ಮನೆ ಕಟ್ಟುವವರು ಅಂಜಬೇಕಾದದ್ದು ಕಾಣದೆ ಏರುವ ತೇವಕ್ಕೆ.

ಎರೆಮಣ್ಣು ಮಳೆನೀರನ್ನು ಬಹುಕಾಲ ಹಿಡಿದಿಡುತ್ತದೆ. ಇಟ್ಟಿಗೆ ಅದನ್ನು ದೀಪದ ಬತ್ತಿಯಂತೆ ಮೇಲಕ್ಕೆ ಹೀರುತ್ತದೆ. ಇದನ್ನು ತಡೆಯುವುದು ‘ಡಿಪಿಸಿ’. ನೆಲಮಟ್ಟಕ್ಕಿಂತ ಕನಿಷ್ಠ 15 ಸೆಂ.ಮೀ. ಮೇಲೆ, ಬುನಾದಿಯ ಪೂರ್ಣ ಅಗಲಕ್ಕೆ, ಜಲನಿರೋಧಕ ಬೆರೆಸಿದ 1:2:4 ಕಾಂಕ್ರೀಟಿನ ತೆಳುಪದರ. ಹಣ ಸಾಲದಾದಾಗ ಮೊದಲು ಕತ್ತರಿ ಬೀಳುವುದು, ವಿಚಿತ್ರವೆಂದರೆ, ಇದಕ್ಕೇ, ಹೊರಬಣ್ಣಕ್ಕಲ್ಲ.

ಕೆಳಗಿನಿಂದ ತೇವವೇರುವ ಗೋಡೆಗೆ ಜಲನಿರೋಧಕ ಬಣ್ಣ ಬಳಿದರೆ ಅದು ಆರುವ ದಾರಿಯೇ ಮುಚ್ಚಿ, ಬಣ್ಣ ಗುಳ್ಳೆಯೆದ್ದು ಗಿಲಾವು ಉದುರುತ್ತದೆ. ಗೋಡೆ ಎದ್ದ ಮೇಲೆ ಡಿಪಿಸಿ ಸೇರಿಸುವುದು ಕಷ್ಟ, ದುಬಾರಿ. ಗುತ್ತಿಗೆಯ ಮಾತುಕತೆಯಲ್ಲಿ ಬಣ್ಣದ ಹೆಸರಿಗಿಂತ ಮೊದಲು ಕೇಳಬೇಕಾದದ್ದು ಇದನ್ನು.