ಎಂಜಿನ್ನಿಗೂ ಬೇಕು ಹದವಾದ ಬಿಸಿ

ಕಾರಿನ ವಿಷಯ ಅಂದ ಕೂಡಲೆ ಪುಟ ತಿರುವಿಬಿಡಬೇಡಿ ಸೋದರಿಯರೆ. ಕುಕ್ಕರು, ಗ್ರೈಂಡರು, ಗ್ಯಾಸ್ ಒಲೆಗಳ ಗುಣಸ್ವಭಾವವನ್ನೆಲ್ಲ ಅರೆದು ಕುಡಿದಿರುವ ನಾವು ಕಾರನ್ನು ಮಾತ್ರ ಗಂಡಸರ ಪಾಲಿಗೆ ಬಿಟ್ಟುಕೊಡುವುದು ಯಾಕೆ? ಈಗ ತೀರ್ಥಹಳ್ಳಿಯಂಥ ನಮ್ಮ ಸಣ್ಣ ಊರಿನಲ್ಲೂ ಮಕ್ಕಳನ್ನು ಶಾಲೆಗೆ ಬಿಡುವುದು, ಸಂತೆಗೆ ಹೋಗಿಬರುವುದು ಎಲ್ಲ ಹೆಂಗಸರದ್ದೇ. ಓಡಿಸಲು ಬಾರದವರೂ ಪಕ್ಕದ ಸೀಟಿನಲ್ಲಿ ಕೂರುತ್ತಾರಲ್ಲ, ಅವರೂ ಓದಲಿ.

ಎಂಜಿನ್ ತಣ್ಣಗಿದ್ದಷ್ಟೂ ಒಳ್ಳೆಯದು ಅಂತ ಬಹಳ ಜನ ತಿಳಿದಿದ್ದಾರೆ. ಹಾಗಿಲ್ಲ. ದೋಸೆ ಹೆಂಚನ್ನೇ ನೋಡಿ. ಕಾಯದಿದ್ದರೆ ದೋಸೆ ಮೇಲೇಳುವುದಿಲ್ಲ, ಅತಿಯಾಗಿ ಕಾದರೆ ಹಿಟ್ಟು ಹರಡದೆ ಸೌಟಿಗೇ ಸುತ್ತಿಕೊಳ್ಳುತ್ತದೆ. ಎಂಜಿನ್ನಿಗೂ ಅಂಥದ್ದೊಂದು ಹದ ಇದೆ. ಅದರ ಸುತ್ತ ಹರಿದಾಡುವ ಕೂಲೆಂಟ್ ನೀರು ಸುಮಾರು 90 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದಾಗ ಕಾರು ಚೆನ್ನಾಗಿ ಎಳೆಯುತ್ತದೆ, ಪೆಟ್ರೋಲೂ ಮಿತವಾಗಿ ಸುಡುತ್ತದೆ.

ಈ ಹದ ಕಾಯುವುದಕ್ಕೆ ಥರ್ಮೋಸ್ಟಾಟ್ ಎಂಬ ಪುಟ್ಟ ಬಾಗಿಲೊಂದಿದೆ. ಅದರ ಹೊಟ್ಟೆಯಲ್ಲಿ ಒಂದಿಷ್ಟು ಮೇಣ. ನೀರು ತಣ್ಣಗಿರುವಾಗ ಬಾಗಿಲು ಮುಚ್ಚಿರುತ್ತದೆ, ನೀರು ಎಂಜಿನ್ನಿನ ಒಳಗೇ ಸುತ್ತಿ ಬೇಗ ಕಾಯುತ್ತದೆ. 80-90 ಡಿಗ್ರಿ ಹತ್ತಿರ ಬಂದಾಗ ಮೇಣ ಕರಗಿ ಹಿಗ್ಗಿ ಬಾಗಿಲನ್ನು ತಳ್ಳುತ್ತದೆ, ಆಮೇಲಷ್ಟೇ ನೀರು ಮುಂದಿನ ರೇಡಿಯೇಟರಿಗೆ ಹೋಗಿ ಗಾಳಿಗೆ ಆರಿ ಬರುತ್ತದೆ. ವಿದ್ಯುತ್ತಿಲ್ಲ, ತಂತಿಯಿಲ್ಲ, ಬರೀ ಮೇಣದ ಕೆಲಸ! ನನಗಂತೂ ಇದನ್ನು ಕೇಳಿದಾಗ ಬಹಳ ಸೋಜಿಗವಾಯಿತು.

ಇದರ ಬೆಲೆ ತಿಳಿದದ್ದು ನಮ್ಮ ಕಾರಿನಿಂದ ಅದನ್ನು ಕಿತ್ತ ಮೇಲೆ. ಎರಡು ವರ್ಷದ ಹಿಂದೆ ಬೇಸಿಗೆಯಲ್ಲಿ ಕಾರು ಬಿಸಿಯಾಯಿತೆಂದು ಒಂದು ಗ್ಯಾರೇಜಿಗೆ ಬಿಟ್ಟಿದ್ದೆವು. ಅಲ್ಲಿಯ ಮೆಕ್ಯಾನಿಕ್ ಥರ್ಮೋಸ್ಟಾಟನ್ನೇ ತೆಗೆದುಹಾಕಿ, "ನಮ್ಮ ಕಡೆ ಸೆಖೆಗೆ ಇದೆಲ್ಲ ಬೇಡ ಅಕ್ಕ, ಇನ್ನು ಬಿಸಿಯಾಗುವ ಮಾತೇ ಇಲ್ಲ" ಅಂದ. ನಿಜ, ಬಿಸಿಯಾಗಲಿಲ್ಲ. ಮುಳ್ಳು 'ಸಿ' ಅಕ್ಷರದ ಹತ್ತಿರವೇ ಮಲಗಿಬಿಟ್ಟಿತು. ಆದರೆ ನನ್ನ ಖರ್ಚಿನ ಪುಸ್ತಕದಲ್ಲಿ ಪೆಟ್ರೋಲಿನ ಲೆಕ್ಕ ತಿಂಗಳು ತಿಂಗಳೂ ಏರತೊಡಗಿತು. ಓಡಾಟ ಅಷ್ಟೇ ಇತ್ತು. ಇವರು ಬೆಲೆ ಏರಿರಬೇಕು ಅಂದರು, ಚೀಟಿಗಳನ್ನು ತೆಗೆದು ಮುಂದಿಟ್ಟೆ. ಕೊನೆಗೆ ಶಿವಮೊಗ್ಗದಲ್ಲಿ ಬೇರೆಯವರಿಗೆ ತೋರಿಸಿದಾಗ ಗೊತ್ತಾಯಿತು, ಕಾಯಿಲೆ ಇದ್ದದ್ದು ರೇಡಿಯೇಟರಿನ ಫ್ಯಾನಿಗೆ. ಫ್ಯಾನ್ ಸರಿಮಾಡಿಸಿ, ಹೊಸ ಥರ್ಮೋಸ್ಟಾಟ್ ಹಾಕಿಸಿದ ಮೇಲೆ ಖರ್ಚು ಹಿಂದಿನ ಮಟ್ಟಕ್ಕೆ ಇಳಿಯಿತು.

ತಣ್ಣಗಿದ್ದರೆ ಪೆಟ್ರೋಲ್ ಯಾಕೆ ಹೆಚ್ಚು ಬೇಕು? ತಣ್ಣನೆಯ ಎಂಜಿನ್ನಿನಲ್ಲಿ ಪೆಟ್ರೋಲ್ ಚೆನ್ನಾಗಿ ಆವಿಯಾಗುವುದಿಲ್ಲ. ಹಿಂದಿನ ಅಂಬಾಸಿಡರ್, ಫಿಯೆಟ್ಟುಗಳಲ್ಲಿ ಬೆಳಗ್ಗೆ ಚೋಕ್ ಎಳೆಯುತ್ತಿದ್ದದ್ದು ಅದಕ್ಕೇ. ಈಗ ಆ ಕೆಲಸವನ್ನು ಕಾರಿನೊಳಗಿನ ಕಂಪ್ಯೂಟರ್ ಮಾಡುತ್ತದೆ. ನೀರಿನ ಬಿಸಿ ನೋಡಿ, "ಇನ್ನೂ ಕಾದಿಲ್ಲ" ಅಂತ ಪೆಟ್ರೋಲ್ ಹೆಚ್ಚಾಗಿ ಸುರಿಯುತ್ತದೆ. ಜೊತೆಗೆ ಎಂಜಿನ್ ಆಯಿಲ್ ಮಂದವಾಗಿರುವುದರಿಂದ ತಿರುಗಲು ಶ್ರಮವೂ ಜಾಸ್ತಿ.

ಇನ್ನೊಂದು ಕೇಳಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ಬೆಳಗ್ಗೆ ಸೈಲೆನ್ಸರ್ ಬಾಯಲ್ಲಿ ತೊಟ್ಟಿಕ್ಕುವುದು ಅದೇ. ಎಂಜಿನ್ ಕಾಯದಿದ್ದರೆ ಇದರಲ್ಲಿ ಸ್ವಲ್ಪ ಆಯಿಲ್ಲಿಗೂ ಸೇರುತ್ತದೆ. ದಿನವೂ ಒಂದೂವರೆ ಕಿಲೋಮೀಟರ್ ದೂರದ ಶಾಲೆಗೆ ಹೋಗಿ ಬಂದು ನಿಲ್ಲುವ ಕಾರುಗಳಿಗೆ ಇದೇ ದೊಡ್ಡ ಉಪದ್ರ. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಒಳಗೆ ಕೆನೆಯಂಥದ್ದು ಅಂಟಿರುತ್ತದೆ. ಅದಕ್ಕೆ ಮನೆ ಮುಂದೆ ಸುಮ್ಮನೆ ಸ್ಟಾರ್ಟ್ ಮಾಡಿ ನಿಲ್ಲಿಸುವುದರಿಂದ ಪ್ರಯೋಜನವಿಲ್ಲ, ಪೆಟ್ರೋಲ್ ದಂಡ. ಮೆಲ್ಲಗೆ ಓಡಿಸುತ್ತಲೇ ಕಾಯಿಸಬೇಕು. ಶಾಲೆ, ತರಕಾರಿ, ಬ್ಯಾಂಕು ಎಲ್ಲವನ್ನೂ ಒಂದೇ ಸುತ್ತಿನಲ್ಲಿ ಮುಗಿಸಿಕೊಂಡು ಬನ್ನಿ. ಹಲವು ಹೊಸ ಕಾರುಗಳಲ್ಲಿ ಮುಳ್ಳೇ ಇಲ್ಲ, ತಣ್ಣಗಿರುವಾಗ ನೀಲಿ ದೀಪ, ಮಿತಿಮೀರಿ ಕಾದರೆ ಕೆಂಪು ದೀಪ. ನೀಲಿ ಆರುವ ತನಕ ಆಕ್ಸಿಲರೇಟರ್ ಜೋರಾಗಿ ತುಳಿಯಬೇಡಿ.

ಇನ್ನು ಬಿಸಿ ಹೆಚ್ಚಾಗುವ ಕಡೆ. ನನ್ನ ತವರು ಹೆಬ್ರಿ ಕಡೆ. ವಾಪಸು ಬರುವಾಗ ಡಿಕ್ಕಿಯ ತುಂಬ ತೆಂಗಿನಕಾಯಿ, ಹಲಸು, ಅಮ್ಮ ಕಟ್ಟಿಕೊಟ್ಟ ಗಂಟುಗಳು. ಸೋಮೇಶ್ವರ ದಾಟಿ ಆಗುಂಬೆಯ 14 ತಿರುವು ಹತ್ತಬೇಕು. ಭಾರ ಹೆಚ್ಚು, ವೇಗ ಕಡಿಮೆ, ಎದುರು ಗಾಳಿಯಿಲ್ಲ. ರೇಡಿಯೇಟರಿಗೆ ಇದಕ್ಕಿಂತ ಕಷ್ಟದ ಪರೀಕ್ಷೆ ಬೇಕೆ? ಅದರ ಮೇಲೆ ಏಸಿ ಹಾಕಿದರೆ, ಏಸಿಯ ಬಿಸಿ ಹೊರಹಾಕುವ ಜಾಲರಿ ರೇಡಿಯೇಟರಿನ ಎದುರಿಗೇ ಇರುವುದರಿಂದ ಅದಕ್ಕೆ ಸಿಗುವುದು ಬಿಸಿಗಾಳಿ. ಬಿಸಿ ಮೀರಿದಾಗ ಪೆಟ್ರೋಲ್ ಹೊತ್ತಲ್ಲದ ಹೊತ್ತಿನಲ್ಲಿ ಹೊತ್ತಿಕೊಂಡು ಟಕಟಕ ಸದ್ದಾಗುತ್ತದೆ. ಅದನ್ನು ತಡೆಯಲು ಕಂಪ್ಯೂಟರ್ ಶಕ್ತಿಯನ್ನು ತಗ್ಗಿಸುತ್ತದೆ, ಕಾರು ಎಳೆಯುವುದಿಲ್ಲ.

ಮುಳ್ಳು ನಡುವಿನಿಂದ ಮೇಲೇರತೊಡಗಿದರೆ ಏಸಿ ಆರಿಸಿ, ಕಿಟಕಿ ಇಳಿಸಿ, ಹೀಟರನ್ನು ಪೂರ್ತಿ ತಿರುಗಿಸಿ. ಸೆಖೆಯಲ್ಲಿ ಹೀಟರೇ ಎಂದು ನಗಬೇಡಿ. ಅದೂ ಒಂದು ಪುಟ್ಟ ರೇಡಿಯೇಟರ್, ಎಂಜಿನ್ನಿನ ಬಿಸಿಯನ್ನೇ ಕಾರಿನೊಳಗೆ ತರುತ್ತದೆ. ಹತ್ತು ನಿಮಿಷ ಬೆವರಿದರೆ ಗಂಟು ಹೋಗುವುದಿಲ್ಲ. ಅದಕ್ಕೂ ಬಗ್ಗದೆ 'ಎಚ್' ಮುಟ್ಟಿದರೆ, ಕೆಂಪು ದೀಪ ಹೊತ್ತಿದರೆ, ಜಾಗ ನೋಡಿ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಲೇಬೇಕು. "ಇನ್ನೆರಡು ತಿರುವು, ಮೇಲೆ ಹೋಗಿಬಿಡೋಣ" ಎನ್ನುವ ಯಜಮಾನರ ಮಾತು ಕೇಳಬೇಡಿ. ಎಂಜಿನ್ನಿನ ತಲೆಭಾಗ ಅಲ್ಯೂಮಿನಿಯಂನದು, ಅತಿ ಬಿಸಿಗೆ ಸೊಟ್ಟಗಾಗುತ್ತದೆ. ಕೆಳಗಿನ ಗ್ಯಾಸ್ಕೆಟ್ ಒಡೆದು ನೀರು ಆಯಿಲ್ಲಿಗೆ ಬೆರೆತರೆ ರಿಪೇರಿಯ ಖರ್ಚು ಸಾವಿರಗಟ್ಟಲೆ.

ನಿಲ್ಲಿಸಿದ ಮೇಲೆ ಮಕ್ಕಳನ್ನು ಬಾನೆಟ್ಟಿನ ಹತ್ತಿರ ಬಿಡಬೇಡಿ. ಯಾರೇ ಹೇಳಲಿ, ರೇಡಿಯೇಟರಿನ ಮುಚ್ಚಳ ತೆರೆಯಬಾರದು. ನಮ್ಮ ಕುಕ್ಕರಿನ ಹಾಗೆಯೇ ಆ ಮುಚ್ಚಳವೂ ಒತ್ತಡ ಹಿಡಿದಿಡುತ್ತದೆ, ನೀರು ನೂರು ಡಿಗ್ರಿ ದಾಟಿದರೂ ಕುದಿಯದಂತೆ ನೋಡಿಕೊಳ್ಳುತ್ತದೆ. ತೆರೆದ ಕ್ಷಣದಲ್ಲಿ ಒತ್ತಡ ಬಿಟ್ಟು ನೀರು ಒಮ್ಮೆಲೆ ಕುದಿದು ಆವಿಯ ಜೊತೆ ಮುಖಕ್ಕೆ ಚಿಮ್ಮುತ್ತದೆ. ವಿಸಿಲ್ ಇಳಿಯದೆ ಕುಕ್ಕರ್ ತೆರೆದರೆ ಏನಾಗುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಅರ್ಧ ಗಂಟೆಗೂ ಮೀರಿ ಆರಲಿ. ಕಾದ ಎಂಜಿನ್ನಿನ ಮೇಲೆ ತಣ್ಣೀರು ಸುರಿಯುವುದೂ ಬೇಡ, ಲೋಹ ಬಿರುಕು ಬಿಡಬಹುದು.

ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕಿದರೆ ಬಚ್ಚಲ ಹಂಡೆಯಲ್ಲಿ ಕಟ್ಟುವ ಸುಣ್ಣದ ಪದರ ಅಲ್ಲೂ ಕಟ್ಟುತ್ತದೆ, ಆಮೇಲೆ ಬಿಸಿ ಹೊರಗೆ ಹೋಗುವುದಿಲ್ಲ. ಕಾರಿನ ಪುಸ್ತಕದಲ್ಲಿ ಹೇಳಿದ ಕೂಲೆಂಟನ್ನೇ ಹಾಕಿಸಿ. ಬೆರೆಸಿಕೊಳ್ಳುವ ಬಗೆಯದಾದರೆ ಇನ್ವರ್ಟರ್ ಬ್ಯಾಟರಿಗೆ ತರುತ್ತೇವಲ್ಲ, ಆ ಡಿಸ್ಟಿಲ್ಡ್ ನೀರು ಆದೀತು. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಹೊಟ್ಟೆಗೆ ವಿಷ. ಹಸಿರು, ಕೆಂಪು ಬಣ್ಣ ನೋಡಿ ಮಕ್ಕಳು ಶರಬತ್ತೆಂದುಕೊಂಡಾರು. ಜ್ಯೂಸಿನ ಬಾಟಲಿಗೆ ತುಂಬಿಡಬೇಡಿ, ನೆಲಕ್ಕೆ ಚೆಲ್ಲಿದರೆ ನಾಯಿ, ಬೆಕ್ಕು ನೆಕ್ಕುವ ಮೊದಲೇ ತೊಳೆದುಬಿಡಿ.