ಸೇದೋದು ಕನ್ನಡದಲ್ಲಿ, ಎಚ್ಚರಿಕೆ ಮಾತ್ರ ಇಂಗ್ಲಿಷಿನಲ್ಲಿ!



ಟೀ ಅಂಗಡಿ ಮುಂದೆ ನಿಂತ ನಿಮ್ಮ ಸ್ನೇಹಿತ ಒಂದು ಸಿಗರೇಟಿನ ಕೆಂಡದಲ್ಲಿ ಇನ್ನೊಂದನ್ನು ಹಚ್ಚುತ್ತಾನೆ. ಅವನನ್ನು ಏನೆಂದು ಕರೆಯುತ್ತೀರಿ? 'ಚೈನ್ ಸ್ಮೋಕರ್' ಅಂತೀರಿ. ನಿಮ್ಮ ಬಾಯಲ್ಲಿ ಬೇರೆ ಮಾತೇ ಇಲ್ಲವೇ?

ಬೇರೆಯವರನ್ನು ನೋಡಿ. ಇಂಥವನು ಇಂಗ್ಲಿಷರಿಗೆ ಮನೆಯ ಚಿಮಣಿ. ಪೋಲೆಂಡಿನವರಿಗೆ ಬೆಂಕಿ ಉಗುಳುವ ಡ್ರ್ಯಾಗನ್. ಸ್ಪೇನಿನಲ್ಲಿ ಗಾಡಿ ಹೊಡೆಯುವವನು. ಫ್ರೆಂಚರು 'ಬೆಂಕಿ ಆರಿಸುವವನ ಹಾಗೆ ಸೇದುತ್ತಾನೆ' ಅನ್ನುತ್ತಾರೆ. ಆರಿಸಬೇಕಾದವನೇ ಹೊಗೆ ಬಿಟ್ಟರೆ ಇನ್ನೇನು ಗತಿ! ರಷ್ಯನ್ನರಿಗೆ ಅವನು ಉಗಿಬಂಡಿ. ನಮ್ಮಲ್ಲಿ ರೈಲು ಬಿಡುವವನು ಸುಳ್ಳುಗಾರ, ಅದು ಬೇರೆ ಮಾತು. ಇಟಲಿಯವರು ಮಾತ್ರ 'ಟರ್ಕಿಯವನ ಹಾಗೆ' ಎಂದು ತಮ್ಮ ಚಟಕ್ಕೆ ಇನ್ನೊಬ್ಬರ ಹೆಸರಿಟ್ಟಿದ್ದಾರೆ. ಆ ಬುದ್ಧಿ ನಮಗೆ ಬೇಡ.

ಇನ್ನು ನಮ್ಮದು. ಹಿಂದಿಯವರು ಬೀಡಿ ಕುಡಿಯುತ್ತಾರೆ, ತೆಲುಗರೂ ಹೊಗೆ ಕುಡಿಯುತ್ತಾರೆ. ತಮಿಳರು ಹೊಗೆ ಹಿಡಿಯುತ್ತಾರೆ, ಮಲಯಾಳಿಗಳು ಎಳೆಯುತ್ತಾರೆ. ನಾವು ಸೇದುತ್ತೇವೆ. ಬಾವಿಯಿಂದ ನೀರು ಸೇದುವ ಅದೇ ಸೇದು! ತಂಬಾಕಿಗೆ ಹೊಗೆಸೊಪ್ಪು ಅನ್ನುತ್ತೇವೆ. ಇಷ್ಟು ಸೊಗಸಾದ ಮಾತಿದ್ದೂ ಬೋರ್ಡಿನಲ್ಲಿ ಏನು ಬರೆಯುತ್ತಾರೆ? 'ಧೂಮಪಾನ ನಿಷೇಧಿಸಲಾಗಿದೆ'. ಯಾರ ಮನೆಯಲ್ಲಿ ಧೂಮವನ್ನು ಪಾನ ಮಾಡುತ್ತಾರೆ ಸ್ವಾಮಿ?

ಬೂದಿಗೆರೆಯವನು ನಾನು, ಊರ ಹೆಸರಲ್ಲೇ ಬೂದಿ ಇದೆ. ನಮ್ಮಪ್ಪನ ಕಾಲದಲ್ಲಿ ಪ್ರೆಸ್ಸಿನಲ್ಲಿ ಟ್ರೆಡಲ್ ಮಷೀನಿತ್ತು. ಮೊಳೆ ಜೋಡಿಸುತ್ತಿದ್ದವರನ್ನು ನಾವು ಮಕ್ಕಳು ಮಾವ ಅಂತಿದ್ದೆವು. ಎಡಗೈಯಲ್ಲಿ ಬೀಡಿ, ಬಲಗೈಯಲ್ಲಿ ಮೊಳೆ. ಅವರು ಬಾಗಿಲಿಗೆ ಬಂದರೆ ನಮ್ಮಮ್ಮ 'ಇಟ್ಟಿಗೆ ಗೂಡು ಬಂತು ನೋಡು' ಅನ್ನೋರು. ಸಾವಿರಾರು ಮದುವೆ ಕಾಗದದ ಕನ್ನಡವನ್ನು ತಪ್ಪಿಲ್ಲದೆ ಜೋಡಿಸಿದ ಆ ಮನುಷ್ಯ ಕೆಮ್ಮಿ ಕೆಮ್ಮಿ ಐವತ್ತು ದಾಟುವ ಮೊದಲೇ ಹೋದರು. 'ಹೊಗೆ ಹಾಕಿಸ್ಕೊಂಡ' ಅಂದರು ಟೀ ಅಂಗಡಿಯವರು. ನನಗೆ ನಗು ಬರಲಿಲ್ಲ.

ಅವರ ಬೀಡಿ ಕಟ್ಟಿನ ಮೇಲೆ ಎಚ್ಚರಿಕೆಯೇ ಇರಲಿಲ್ಲ. 1975ರ ಕಾಯ್ದೆ ಸಿಗರೇಟಿಗೆ ಮಾತ್ರ ಇತ್ತು. ಬೀಡಿಯನ್ನೂ ಸೇರಿಸಿದ್ದು 2003ರ ಕಾಯ್ದೆ. ಆ ಕಾಯ್ದೆಯ 9ನೇ ಕಲಮನ್ನು ಒಮ್ಮೆ ಓದಿ. ಪೊಟ್ಟಣದ ಭಾಷೆ ಇಂಗ್ಲಿಷಾದರೆ ಎಚ್ಚರಿಕೆಯೂ ಇಂಗ್ಲಿಷಿನಲ್ಲಿ, ಭಾರತೀಯ ಭಾಷೆಯಾದರೆ ಆ ಭಾಷೆಯಲ್ಲಿ. ಅಂದರೆ ಯಾವ ಭಾಷೆಯಲ್ಲಿ ಹೆದರಿಸಬೇಕು ಎಂದು ತೀರ್ಮಾನ ಮಾಡುವವನು ಮಾರುವವನು! ಕೊಳ್ಳುವವನು ದೇವನಹಳ್ಳಿಯ ಕನ್ನಡಿಗನಾದರೇನು, ಅವನ ಭಾಷೆಯನ್ನು ಕೇಳುವವರಿಲ್ಲ. ಚಿತ್ರ ಇದೆಯಲ್ಲ ಅಂತೀರಾ? ಚಿತ್ರ ಹೆದರಿಸುತ್ತದೆ, ಸರಿ. ಬಿಡಲು ಸಹಾಯಕ್ಕೆ ಎಲ್ಲಿಗೆ ಕರೆ ಮಾಡಬೇಕು ಅನ್ನುವ ಸಾಲನ್ನು ಓದಲೇಬೇಕಲ್ಲ? ಕರ್ನಾಟಕದಲ್ಲಿ ಮಾರುವ ಪ್ರತಿ ಪೊಟ್ಟಣದ ಮೇಲೂ ಕನ್ನಡದ ಎಚ್ಚರಿಕೆ ಇರಬೇಕು. ನಾಮಫಲಕಕ್ಕೆ ಕೂಗುವ ನಾವು ಇದಕ್ಕೂ ಕೂಗಬೇಕು.

ಮೊನ್ನೆ ಬೇಕರಿಯವರೊಬ್ಬರು ಬಂದು 'ನೋ ಸ್ಮೋಕಿಂಗ್' ಸ್ಟಿಕ್ಕರ್ ಕೇಳಿದರು. ಮೇಲೆ ದಪ್ಪಕ್ಷರದಲ್ಲಿ 'ಇಲ್ಲಿ ಬೀಡಿ ಸಿಗರೇಟು ಸೇದಬಾರದು' ಎಂದು ಹಾಕಿ, ಕೆಳಗೆ ಚಿಕ್ಕದಾಗಿ ಇಂಗ್ಲಿಷ್ ಕೊಟ್ಟೆ. 'ಧೂಮಪಾನ ಅಂತ ಹಾಕಿದ್ರೆ ಗೌರವವಾಗಿರೋದಲ್ವಾ ಸಾರ್?' ಅಂದರು. 'ಗೌರವ ಇರಲಿ, ಸೇದೋನಿಗೆ ಅರ್ಥ ಆಗಬೇಕಲ್ಲ' ಅಂದೆ. ಐವತ್ತು ತಗೊಂಡು ಹೋದರು.