ಅಳಿಸಿದರೆ ಹೋಯಿತು!

‘ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು’ ಎಂಬ ಗಾದೆಗೆ ಕಂಪ್ಯೂಟರ್ ಬಳಸುವವರು ಇನ್ನೊಂದು ಮಾತು ಸೇರಿಸಿಕೊಳ್ಳಬಹುದು: ಆದೇಶ ಕೊಟ್ಟು ಅಳಿಸಿದ ಫೈಲೂ ಹೋಯಿತು!

1998ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆ ‘ಟಾಯ್ ಸ್ಟೋರಿ 2’ ಚಿತ್ರವನ್ನು ಕಂಪ್ಯೂಟರಿನಲ್ಲಿ ರೂಪಿಸುತ್ತಿತ್ತು. ಒಂದು ದಿನ ನೋಡನೋಡುತ್ತಿದ್ದಂತೆಯೇ ಚಿತ್ರದ ಫೈಲುಗಳು ಒಂದೊಂದಾಗಿ ಮಾಯವಾಗತೊಡಗಿದವು. ಯಾರೋ ತಪ್ಪು ಜಾಗದಲ್ಲಿ ‘ಆರ್‌ಎಂ’ ಎಂಬ ಅಳಿಸುವ ಆದೇಶ ಕೊಟ್ಟಿದ್ದರು. ಗಾಬರಿಯಿಂದ ಯಂತ್ರವನ್ನು ನಿಲ್ಲಿಸುವಷ್ಟರಲ್ಲಿ ಚಿತ್ರದ ಬಹುಪಾಲು ಹೋಗಿತ್ತು. ಬ್ಯಾಕಪ್ ತೆಗೆದು ನೋಡಿದರೆ ಅದೂ ಕೆಟ್ಟಿತ್ತು. ಕೊನೆಗೆ ಚಿತ್ರವನ್ನು ಉಳಿಸಿದ್ದು ಗ್ಯಾಲಿನ್ ಸುಸ್ಮನ್ ಎಂಬ ತಂತ್ರಜ್ಞೆಯ ಮನೆಯ ಕಂಪ್ಯೂಟರ್. ಹಸುಗೂಸಿನ ಆರೈಕೆಗಾಗಿ ಮನೆಯಿಂದಲೇ ಕೆಲಸ ಮಾಡುತ್ತಿದ್ದ ಅವರ ಬಳಿ ಒಂದು ಪ್ರತಿ ಇತ್ತು.

ಯೂನಿಕ್ಸ್, ಲಿನಕ್ಸ್‌ಗಳಲ್ಲಿ ‘ಆರ್‌ಎಂ’ ಸಾಮಾನ್ಯವಾಗಿ ಮರುಪ್ರಶ್ನೆ ಹಾಕುವುದಿಲ್ಲ. ಮೌಸ್ ಬಳಸಿ ಅಳಿಸಿದ ಫೈಲು ಮೊದಲು ಕಸದ ಬುಟ್ಟಿಗೆ ಹೋಗುತ್ತದೆ, ಬೇಕೆಂದರೆ ಹೆಕ್ಕಿಕೊಳ್ಳಬಹುದು. ಇಲ್ಲಿ ಬುಟ್ಟಿಯೇ ಇಲ್ಲ.

ನಕ್ಷತ್ರ ಚಿಹ್ನೆಯಂತೂ (*) ಇನ್ನಷ್ಟು ಅಪಾಯಕಾರಿ. ಅದರ ಅರ್ಥ ‘ಯಾವ ಹೆಸರಾದರೂ ಸರಿ’ ಎಂದು. ‘*.ಬಿಎಕೆ’ ಎಂದರೆ ಆ ಬಾಲವಿರುವ ಹಳೆಯ ಫೈಲುಗಳು ಮಾತ್ರ ಹೋಗುತ್ತವೆ. ನಕ್ಷತ್ರ ಮತ್ತು ಚುಕ್ಕಿಯ ನಡುವೆ ಕೈತಪ್ಪಿ ಒಂದು ಖಾಲಿ ಜಾಗ ಬಿತ್ತೋ, ಆ ಫೋಲ್ಡರಿನಲ್ಲಿ ಕಾಣುವ ಫೈಲುಗಳೆಲ್ಲ ಹೋದಂತೆ! ವರ್ಷವಿಡೀ ಬರೆದ ಪ್ರಾಜೆಕ್ಟ್ ಒಂದು ಸ್ಪೇಸ್ ಕೀಲಿಗೆ ಬಲಿಯಾಗಬಹುದು.

ವಿದ್ಯಾರ್ಥಿಗಳು ನಾಲ್ಕು ಅಭ್ಯಾಸ ಬೆಳೆಸಿಕೊಂಡರೆ ಒಳ್ಳೆಯದು. ಮೊದಲು ‘ಪಿಡಬ್ಲ್ಯುಡಿ’ ಕೊಟ್ಟು, ತಾವು ಯಾವ ಫೋಲ್ಡರಿನಲ್ಲಿ ಇದ್ದೇವೆಂದು ನೋಡಿಕೊಳ್ಳಬೇಕು. ಎರಡನೆಯದಾಗಿ, ಅಳಿಸಬೇಕಾದ ಹೆಸರನ್ನು ‘ಎಲ್‌ಎಸ್’ ಆದೇಶಕ್ಕೆ ಕೊಟ್ಟು ಪಟ್ಟಿಯನ್ನು ಕಣ್ಣಾರೆ ಓದಬೇಕು. ಮೂರನೆಯದಾಗಿ, ‘ಆರ್‌ಎಂ’ ಜೊತೆ ‘-ಐ’ ಸೇರಿಸಬೇಕು, ಆಗ ಪ್ರತಿಯೊಂದು ಫೈಲಿಗೂ ಅಳಿಸಲೇ ಎಂದು ಅದು ಕೇಳುತ್ತದೆ. ನಾಲ್ಕನೆಯದಾಗಿ, ಕೇಳದೆಯೇ ಫೋಲ್ಡರ್ ಸಮೇತ ಅಳಿಸುವ ‘-ಆರ್‌ಎಫ್’ ಅನ್ನು ಯಾರೋ ಹೇಳಿದರೆಂದು, ಅರ್ಥ ತಿಳಿಯದೆ ಬಳಸಬಾರದು.

ಇಷ್ಟಾದರೂ ಕೈ ತಪ್ಪುವುದುಂಟು. ಹಾಗಾಗಿ ಮುಖ್ಯ ಫೈಲುಗಳ ಇನ್ನೊಂದು ಪ್ರತಿ ಬೇರೆ ಡಿಸ್ಕ್ ಅಥವಾ ಪೆನ್‌ಡ್ರೈವಿನಲ್ಲಿ ಇರಲಿ. ಪ್ರತಿ ಇದ್ದರೆ ಸಾಲದು, ಅದು ತೆರೆಯುತ್ತದೆಯೇ ಎಂದು ಆಗಾಗ ನೋಡಬೇಕು. ಪಿಕ್ಸಾರ್‌ನವರು ಎಡವಿದ್ದು ಅಲ್ಲಿಯೇ. ‘ಓದಿದೆಯಾ?’ ಎಂದು ಮಕ್ಕಳನ್ನು ಕೇಳುವ ತಂದೆತಾಯಿ ವಾರಕ್ಕೊಮ್ಮೆ ‘ಪ್ರತಿ ತೆಗೆದಿಟ್ಟೆಯಾ? ತೆರೆದು ತೋರಿಸು’ ಎಂದೂ ಕೇಳಿದರೆ, ಪರೀಕ್ಷೆಯ ಹಿಂದಿನ ರಾತ್ರಿ ಮನೆಯಲ್ಲಿ ಅಳುವ ಪ್ರಸಂಗ ತಪ್ಪೀತು.